ನಂದಿಬಟ್ಟಲ ಕೆಳಗೆ ಹಿಕ್ಕೆ ಬಿದ್ದಿದ್ದರೆ

ಬೆಳಿಗ್ಗೆ ಅಂಗಳ ಗುಡಿಸುವಾಗ ನಂದಿಬಟ್ಟಲ ಬುಡದಲ್ಲಿ ಕಾಳುಮೆಣಸಿನಂಥ ಉಂಡೆಗಳು ಸಿಕ್ಕರೆ ಪೊರಕೆ ಬದಿಗಿಟ್ಟು ತಲೆಯೆತ್ತಿ ನೋಡಿ. ಉಂಡೆಯ ಉದ್ದಕ್ಕೂ ಗೀರುಗಳಿದ್ದರೆ ಅದು ದೊಡ್ಡ ಹುಳುವಿನ ಹಿಕ್ಕೆ. ನೇರ ಮೇಲೆ, ಎಲೆ ಹೋಗಿ ತೊಟ್ಟು ಮಾತ್ರ ಉಳಿದ ಕೊಂಬೆಯಲ್ಲಿ, ಬೆರಳು ಗಾತ್ರದ ಹಸಿರು ಹುಳುವೊಂದು ಕೂತಿರುತ್ತದೆ. ಇದೆಯೆಂದು ಗೊತ್ತಿದ್ದೂ ನನಗೆ ಅದು ಕಾಣಿಸಲು ಹತ್ತು ನಿಮಿಷ ಬೇಕಾಯಿತು. ಕಡ್ಡಿಯಿಂದ ಮುಟ್ಟಿದೆ. ತಲೆ ಒಳಗೆಳೆದುಕೊಂಡು ಎದೆ ಉಬ್ಬಿಸಿತು. ಅಲ್ಲಿ ಎರಡು ನೀಲಿ ಕಣ್ಣುಗಳು ನನ್ನನ್ನೇ ದಿಟ್ಟಿಸಿದವು. ಕಣ್ಣಲ್ಲ, ಬರೀ ಬಣ್ಣದ ಬೊಟ್ಟು. ನಿಜವಾದ ಕಣ್ಣುಗಳು ತಲೆಯ ಪಕ್ಕದಲ್ಲಿ, ಸಾಸಿವೆಗಿಂತ ಚಿಕ್ಕವು. ಹಕ್ಕಿಯನ್ನು ಬೆದರಿಸಲು ಈ ನಾಟಕ.

ಇದು ಡಾಫ್ನಿಸ್ ನೆರಿಯೈ ಎಂಬ ಪತಂಗದ ಮರಿ. ಕಣಗಿಲೆ, ನಂದಿಬಟ್ಟಲು, ನಿತ್ಯಪುಷ್ಪ ಇದರ ಊಟ. ಮೂರೂ ಒಂದೇ ಕುಟುಂಬದ ಗಿಡಗಳು. ದನ ತಿಂದರೆ ಸಾಯಬಹುದಾದ ಕಣಗಿಲೆ ಎಲೆಯನ್ನು ತಿಂದು ಇದು ಕೊಬ್ಬುತ್ತದೆ.

ಹುಳು ಗುರುತಿಸಲು ಹೊರಟವರು ಬಣ್ಣದ ಹಿಂದೆ ಬೀಳುತ್ತಾರೆ. ಬಣ್ಣವನ್ನು ನಂಬಿ ಕೆಟ್ಟವರಲ್ಲಿ ನಾನೂ ಒಬ್ಬ. ಇದೇ ಹುಳು ಮೊಟ್ಟೆಯೊಡೆದಾಗ ಹಳದಿ, ಬೆಳೆಯುತ್ತ ಹಸಿರು, ಕೋಶವಾಗುವ ಮುನ್ನ ನೆಲಕ್ಕಿಳಿದು ಅಲೆಯುವಾಗ ಕಂದು. ಮೂರು ಬೇರೆ ಹುಳುಗಳೆಂದು ಬರೆದಿಟ್ಟುಕೊಂಡಿದ್ದೆ. ಹಾಗಾಗಿ ಮೊದಲು ಗಿಡ ಯಾವುದೆಂದು ನೋಡಿ, ಆಮೇಲೆ ಕಾಲು ಎಣಿಸಿ. ಮುಂದಿನ ಮೂರು ಜೊತೆ ಮೊನಚು ಕಾಲು ಸಾಮಾನ್ಯ. ಹಿಂದೆ ಹೆಚ್ಚಿನವಕ್ಕೆ ಐದು ಜೊತೆ ಮೆದುಗಾಲು. ಎರಡೇ ಜೊತೆಯಿದ್ದು, ನಡು ಎತ್ತಿ ಗೇಣು ಹಾಕುತ್ತ ನಡೆದರೆ ಅದು ಜಿಯೊಮೆಟ್ರಿಡೆ ಕುಟುಂಬದ್ದು; ಆ ಹೆಸರಿನ ಮೂಲದಲ್ಲೇ ಭೂಮಿ ಅಳೆಯುವ ಅರ್ಥವಿದೆ. ಬಾಲದಲ್ಲಿ ಕೊಂಬಿದ್ದರೆ ಬಹುತೇಕ ನಂದಿಬಟ್ಟಲ ಹುಳುವಿನ ಬಳಗ. ಬಹುತೇಕ ಅಂದೆ, ಏಕೆಂದರೆ ನಮ್ಮ ರೇಷ್ಮೆಹುಳುವಿಗೂ ಪುಟ್ಟ ಕೊಂಬಿದೆ. ಇನ್ನು ಕಂಬಳಿಹುಳು ಎನ್ನುವುದು ಒಂದು ಜಾತಿಯ ಹೆಸರಲ್ಲ, ಕೂದಲಿರುವುದಕ್ಕೆಲ್ಲ ನಾವಿಟ್ಟ ಹೆಸರು. ನುಗ್ಗೆ ಕಾಂಡದ ಮೇಲೆ ಹಗಲೆಲ್ಲ ಗುಂಪುಗೂಡಿ ಕೂರುವುದು ಅವುಗಳಲ್ಲೊಂದು, ಯುಪ್ಟೆರೋಟೆ. ಅದನ್ನು ಬರಿಗೈಯಲ್ಲಿ ಮುಟ್ಟಿ ಕಾಲು ಎಣಿಸಲು ಹೋಗಬೇಡಿ.

ಹುಳುವಿನ ಗುರುತು ಹವ್ಯಾಸಿಗಳ ಆಟವಷ್ಟೇ ಅಲ್ಲ ಎಂದು ಮೆಕ್ಕೆಜೋಳ ಬೆಳೆಯುವವರಿಗೆ 2018ರಲ್ಲಿ ಗೊತ್ತಾಯಿತು. ಅಮೆರಿಕ ಖಂಡದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ಆ ವರ್ಷದ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಸುಳಿಯೊಳಗೆ ಸೇರಿ ತಿನ್ನುತ್ತದೆ; ಸುಳಿ ಬಿಡಿಸಿದರೆ ಮರದ ಹೊಟ್ಟಿನಂಥ ಲದ್ದಿ ತುಂಬಿರುತ್ತದೆ. ನಮ್ಮ ಹಳೆಯ ಸೈನಿಕ ಹುಳುವೂ ಜೋಳ ತಿನ್ನುವುದರಿಂದ ಇಲ್ಲಿ ಗಿಡ ನೋಡಿದರೆ ಸಾಲದು, ಹಣೆ ನೋಡಬೇಕು. ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂತೆ ಬಿಳಿ ಗೆರೆ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ: ಎರಡೂ ಇದ್ದರೆ ಅದೇ.

ರೆಕ್ಕೆ ಬಂದ ಮೇಲಿನ ಗುರುತು ಬೇರೆಯೇ ಪಾಠ. ಮೀಸೆಯ ತುದಿ ಗುಂಡಗಿದ್ದರೆ ಚಿಟ್ಟೆ, ಗರಿಯಂತೆಯೋ ದಾರದಂತೆಯೋ ಇದ್ದರೆ ಪತಂಗ ಎಂಬಷ್ಟು ಸದ್ಯಕ್ಕೆ ಸಾಕು. ಭಾರತದಲ್ಲಿ ಪತಂಗಗಳೇ ಸುಮಾರು 10,000 ಬಗೆ. ಎಲ್ಲದರ ಮರಿ ಯಾವುದೆಂದು ಬಲ್ಲವರಿಲ್ಲ. ತಿಳಿಯುವ ಖಚಿತ ದಾರಿ ಸಾಕಿ ನೋಡುವುದು. ಅಗಲ ಡಬ್ಬಿಗೆ ಎರಡು ಬೆರಳು ಮಣ್ಣು, ಒಣಗಿದ ತರಗೆಲೆ ಹಾಕಿ, ಅದೇ ಗಿಡದ ಎಲೆಯನ್ನು ದಿನಾ ಬದಲಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿ. ಎಲೆಯ ಜೊತೆಗೇ ಹುಳುವಿನ ಫೋಟೊ ತೆಗೆದಿಟ್ಟುಕೊಳ್ಳಿ. ನಂದಿಬಟ್ಟಲ ಹುಳು ಕೋಶವಾದರೆ ಎರಡು ವಾರದ ಆಸುಪಾಸಿನಲ್ಲಿ ಹಸಿರು-ಗುಲಾಬಿ ಚಿತ್ತಾರದ ಪತಂಗ ಹೊರಬರುತ್ತದೆ. ರೆಕ್ಕೆ ಒಣಗಲಿ, ಅದೇ ರಾತ್ರಿ ಬಿಟ್ಟುಬಿಡಿ.