ಆ ಊರಿಗೆ ನೀರು ಎಲ್ಲಿಂದ ಬರುತ್ತದೆ?

ಕಳೆದ ಬೇಸಿಗೆಯ ರಜೆಗೆ ಮೊಮ್ಮಗ ಬೆಂಗಳೂರಿನಿಂದ ಮಮದಾಪುರದ ನಮ್ಮ ಮನೆಗೆ ಬಂದಿದ್ದ. ಎಂಜಿನಿಯರಿಂಗ್ ಎರಡನೆಯ ವರ್ಷದ ವಿದ್ಯಾರ್ಥಿ. ಹಗಲೆಲ್ಲ ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಮುಂದೆ ಕುಳಿತಿರುತ್ತಿದ್ದ. ವಿಡಿಯೊ ಗೇಮ್ ಆಡುತ್ತಿದ್ದಾನೆಂದು ಭಾವಿಸಿ ಗದರಿಸಲು ಹೋದೆ. ಅವನು ಆಡುತ್ತಿರಲಿಲ್ಲ, ಆಟವೊಂದನ್ನು ಕಟ್ಟುತ್ತಿದ್ದ.

ರೋಲ್ ಪ್ಲೇಯಿಂಗ್ ಗೇಮ್ ಎಂಬುದು ಪಾತ್ರಧಾರಿಯ ಆಟ. ಆಡುವವನು ಒಂದು ಪಾತ್ರವನ್ನು ಧರಿಸಿ, ಕಲ್ಪಿತ ನಾಡಿನಲ್ಲಿ ಊರೂರು ಅಲೆದು, ಸಿಕ್ಕವರನ್ನು ಮಾತನಾಡಿಸಿ, ಕಷ್ಟಗಳನ್ನು ಗೆದ್ದು ಮುಂದೆ ಸಾಗಬೇಕು. 1974ರಲ್ಲಿ ಅಮೆರಿಕದಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಕಾಗದ, ಪೆನ್ಸಿಲ್, ದಾಳಗಳ ಆಟವಾಗಿ ಪ್ರಕಟವಾದ ಈ ಬಗೆ, 1986ರಲ್ಲಿ ಜಪಾನಿನ ಯೂಜಿ ಹೊರಿಯಿ ರೂಪಿಸಿದ ‘ಡ್ರ್ಯಾಗನ್ ಕ್ವೆಸ್ಟ್’ನಿಂದ ಆ ದೇಶದ ಮನೆಮನೆಯ ಮಾತಾಯಿತು. ಇಂತಹ ಆಟಗಳನ್ನು ಮನೆಯಲ್ಲೇ ಕಟ್ಟಲು ಬೇಕಾದ ತಂತ್ರಾಂಶಗಳೂ ಬಂದಿವೆ. ‘ಸ್ಟಾರ್‌ಡ್ಯೂ ವ್ಯಾಲಿ’ ಎಂಬ ಬೇಸಾಯದ ಆಟವನ್ನು ಎರಿಕ್ ಬರೋನ್ ಎಂಬ ಅಮೆರಿಕದ ಯುವಕ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬನೇ ಕುಳಿತು ರಚಿಸಿ 2016ರಲ್ಲಿ ಹೊರತಂದ. ನನ್ನ ಮೊಮ್ಮಗನಿಗೆ ಆತನೇ ಆದರ್ಶ.

ಅವನು ತನ್ನ ನಾಡಿನ ನಕಾಶೆಯನ್ನು ತೋರಿಸಿದ. ಹಿಮ ಮುಚ್ಚಿದ ಬೆಟ್ಟಗಳು, ಪೈನ್ ಮರಗಳು, ಕೋಟೆ, ಬರಡು ಬಯಲಿನ ನಡುವೆ ಒಂದು ಹಳ್ಳಿ. ನಲವತ್ತು ಮನೆ, ಒಂದು ಕತ್ತಿಯ ಅಂಗಡಿ. ಕಂದಾಯ ಕಡತಗಳ ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದ ನನಗೆ ಮೊದಲು ತೋಚಿದ ಪ್ರಶ್ನೆ ಒಂದೇ: ‘ಆ ಊರಿಗೆ ನೀರು ಎಲ್ಲಿಂದ ಬರುತ್ತದೆ?’

‘ಅಜ್ಜಾ, ಇದು ಆಟ. ನೀರಿನ ಚಿಂತಿ ಯಾರ ಮಾಡ್ತಾರ?’ ಎಂದು ನಕ್ಕ.

ನಾನು ಬಿಡಲಿಲ್ಲ. ಜೋಳ ಯಾರು ಬೆಳೆಯುತ್ತಾರೆ? ರಾಜನಿಗೆ ತೆರಿಗೆ ಎಷ್ಟು? ಅವನ ಆಟದಲ್ಲಿ ನಾಯಕ ರಾಕ್ಷಸನನ್ನು ಕೊಂದಾಗಲೆಲ್ಲ ಚಿನ್ನದ ನಾಣ್ಯ ಉದುರುತ್ತಿತ್ತು. ಅಷ್ಟು ಹಣ ಪೇಟೆಗೆ ಹರಿದರೂ ಬೆಲೆ ಏರುತ್ತಿರಲಿಲ್ಲ. ಇದು ಹುಡುಗಾಟಿಕೆಯ ಪ್ರಶ್ನೆಯಲ್ಲ. 2001ರಲ್ಲಿ ಎಡ್ವರ್ಡ್ ಕ್ಯಾಸ್ಟ್ರೊನೋವಾ ಎಂಬ ಅರ್ಥಶಾಸ್ತ್ರಜ್ಞರು ‘ಎವರ್‌ಕ್ವೆಸ್ಟ್’ ಎಂಬ ಆಟದ ಕಲ್ಪಿತ ಲೋಕದ ತಲಾ ಉತ್ಪನ್ನವನ್ನೇ ಲೆಕ್ಕ ಹಾಕಿದ್ದರು. ಎಲ್ಲಿ ಅಭಾವವಿದೆಯೋ ಅಲ್ಲಿ ಆಯ್ಕೆ ಇದೆ. ಎಲ್ಲಿ ಆಯ್ಕೆ ಇದೆಯೋ ಅಲ್ಲಿ ಕಥೆ ಹುಟ್ಟುತ್ತದೆ.

ಮರುದಿನ ಅವನನ್ನು ನಮ್ಮೂರ ಕೆರೆಯ ಏರಿಯ ಮೇಲೆ ಕರೆದೊಯ್ದೆ. ಗೋಳಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲ್‌ಶಾಹನ ಕಾಲದ ಕೆರೆ ಇದು. ಅವನ ತಂದೆ ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಸಂಗೀತಪ್ರೇಮಿ. ನವರಸಗಳ ಹೆಸರಿನಲ್ಲಿ ಒಂದು ನಗರವನ್ನೇ ಕಲ್ಪಿಸಿ, 1599ರಲ್ಲಿ ತೊರವಿಯ ಬಳಿ ನವರಸಪುರವನ್ನು ಕಟ್ಟತೊಡಗಿದ. 1624ರಲ್ಲಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ತಂದೆಯ ಕನಸಿನ ನಗರ ಇಂದು ಕಲ್ಲಿನ ಅವಶೇಷ. ಮಗನ ಕಾಲದ ಕೆರೆಯನ್ನು ಮಾತ್ರ ಊರು ಇಂದಿಗೂ ಬಿಟ್ಟಿಲ್ಲ. ಈಚಿನ ವರ್ಷಗಳಲ್ಲಿ ಏತ ನೀರಾವರಿಯ ಮೂಲಕ ಕೃಷ್ಣೆಯ ನೀರನ್ನು ತಂದು ತುಂಬಿಸಲಾಗಿದೆ.

ಬರಗಾಲದ ಮಾತೂ ಬಂತು. 1876–78ರ ಕ್ಷಾಮದಲ್ಲಿ ಈ ಸೀಮೆ ಕಲಾದಗಿ ಜಿಲ್ಲೆಗೆ ಸೇರಿತ್ತು. 1872 ಮತ್ತು 1881ರ ಜನಗಣತಿಗಳ ನಡುವೆ ಆ ಜಿಲ್ಲೆಯ ಜನಸಂಖ್ಯೆ ಐದನೆಯ ಒಂದು ಭಾಗದಷ್ಟು ಕುಸಿಯಿತು. 1972ರ ಬರದಲ್ಲಿ ನಾನು ಹತ್ತರ ಆಸುಪಾಸಿನ ಹುಡುಗ. ಅವ್ವ ಬರಗಾಲದ ಕಾಮಗಾರಿಯಲ್ಲಿ ಕಲ್ಲು ಒಡೆದು, ಸಂಜೆ ಸೆರಗಿನಲ್ಲಿ ಕೆಂಪು ಜೋಳ ಕಟ್ಟಿಕೊಂಡು ಬರುತ್ತಿದ್ದಳು. ಮೊಮ್ಮಗ ಇದನ್ನು ಎಂದೂ ಕೇಳಿರಲಿಲ್ಲ. ನಾನೂ ಎಂದೂ ಹೇಳಿರಲಿಲ್ಲ.

ಅಂದು ರಾತ್ರಿ ಪೈನ್ ಮರಗಳು ಹೋಗಿ ಜಾಲಿ, ಬೇವು ಬಂದವು. ಹಳ್ಳಿಗೆ ಒಂದು ಕೆರೆ, ಕೆರೆಗೊಂದು ತೂಬು ಬಂತು. ಆದರೆ ನಾಡಿನ ಹಿನ್ನೆಲೆಯ ಕಥೆಯನ್ನು ಓದಿದಾಗ ನನಗೆ ಕಸಿವಿಸಿಯಾಯಿತು. ಮುನ್ನೂರು ವರ್ಷಗಳ ಹಿಂದೆ ಬೇರೆ ದೇವರನ್ನು ನಂಬುವ ಕ್ರೂರ ಜನಾಂಗವೊಂದು ದಂಡೆತ್ತಿ ಬಂದು ನಾಡನ್ನು ಹಾಳು ಮಾಡಿತೆಂದೂ, ನಾಯಕ ಅವರನ್ನು ನಿರ್ಮೂಲ ಮಾಡಬೇಕೆಂದೂ ಬರೆದಿದ್ದ. ಅವರ ಉಡುಪು, ಗಡ್ಡಗಳ ಚಿತ್ರ ನೋಡಿದರೆ ಯಾರನ್ನು ಕುರಿತದ್ದೆಂದು ಕೇಳಬೇಕಾಗಿರಲಿಲ್ಲ. ಹುಡುಗನಲ್ಲಿ ದ್ವೇಷವಿರಲಿಲ್ಲ. ಗಾಳಿಯಲ್ಲಿ ತೇಲುತ್ತಿದ್ದುದನ್ನು ಯೋಚಿಸದೆ ಎತ್ತಿಕೊಂಡಿದ್ದ, ಅಷ್ಟೆ.

ಸರ್ಕಾರಿ ಕಚೇರಿಯಲ್ಲಿ ನಾನು ಕಲಿತ ಒಂದು ಪಾಠವಿದೆ. ಕಡತದ ಹಿನ್ನೆಲೆ ಟಿಪ್ಪಣಿ ಬರೆದವನು ಅರ್ಧ ಆದೇಶವನ್ನೂ ಬರೆದಿರುತ್ತಾನೆ. ಆಟದಲ್ಲಿ ಇದು ಇನ್ನೂ ನಿಜ. ಕಾದಂಬರಿಯ ಓದುಗ ಲೇಖಕನ ಮಾತನ್ನು ಒಪ್ಪದೆ ಪುಸ್ತಕ ಮುಚ್ಚಬಹುದು. ಆಟಗಾರ ಮಾತ್ರ ಆ ಹಿನ್ನೆಲೆಯನ್ನು ತನ್ನ ಬೆರಳಿನಿಂದಲೇ ನಡೆಸಿಕೊಡುತ್ತಾನೆ. ಒಂದು ಜನಾಂಗವೇ ದುಷ್ಟವೆಂದು ಅಲ್ಲಿ ಬರೆದರೆ ಅವನು ಅವರನ್ನು ನೂರು ಸಲ ಕೊಲ್ಲುತ್ತಾನೆ, ಪ್ರತಿಸಲವೂ ಅದಕ್ಕೆ ಬಹುಮಾನ ಪಡೆಯುತ್ತಾನೆ.

ನಾನು ಉಪದೇಶ ಮಾಡಲಿಲ್ಲ. ನವರಸಪುರವನ್ನು ಕೆಡವಿದ ಮಲಿಕ್ ಅಂಬರ್ ಯಾರೆಂದು ಕೇಳಿದೆ. ಅಹಮದ್‌ನಗರದ ನಿಜಾಮಶಾಹಿಯ ಸೇನಾನಿ, ಅವನೂ ಮುಸಲ್ಮಾನನೇ. 1686ರಲ್ಲಿ ವಿಜಾಪುರವನ್ನು ಗೆದ್ದು ಆದಿಲ್‌ಶಾಹಿಯನ್ನು ಕೊನೆಗಾಣಿಸಿದ ಔರಂಗಜೇಬನೂ ಅದೇ ಧರ್ಮದವನು. ನವರಸಪುರದ ಇಬ್ರಾಹಿಂ ಸರಸ್ವತಿಯನ್ನು ಸ್ತುತಿಸಿ ಹಾಡು ಕಟ್ಟಿದವನು. ನೆಲ, ಕಂದಾಯ, ಅಧಿಕಾರಗಳ ಜಗಳಕ್ಕೆ ಧರ್ಮವೊಂದನ್ನೇ ಕಾರಣ ಮಾಡಿದರೆ ಲೆಕ್ಕ ತಾಳೆಯಾಗುವುದಿಲ್ಲ.

‘ಖಳನಾಯಕ ಇಲ್ಲಂದ್ರ ಆಟ ಯಾರ ಆಡ್ತಾರ ಅಜ್ಜಾ?’ ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಎರಡು ದಿನ ಯೋಚಿಸಿ ಅವನೇ ದಾರಿ ಕಂಡುಕೊಂಡ. ಹೊಸ ಖಳನಾಯಕ ಕೆರೆಯ ತೂಬಿನ ಮೇಲ್ವಿಚಾರಕ. ಬರಗಾಲದಲ್ಲಿ ನೀರಿನ ಸರದಿಯನ್ನು ಹಣವಂತರಿಗೆ ಮಾರಿಕೊಂಡವನು. ಅಂದರೆ ಸರ್ಕಾರಿ ಅಧಿಕಾರಿ. ನನಗೆ ತುಸು ನೋವಾಯಿತು. ಪಾತ್ರ ಅಸಹಜವೆಂದು ಮಾತ್ರ ಹೇಳಲಾಗಲಿಲ್ಲ.

ನಾನೂ ಒಂದು ಪಾಠ ಕಲಿತೆ. ಆ ನಾಡಿನ ಭೂಕಂದಾಯ, ಅಳತೆ, ತೂಕಗಳ ಬಗ್ಗೆ ಇಪ್ಪತ್ತು ಪುಟ ಬರೆದುಕೊಟ್ಟಿದ್ದೆ. ಇದನ್ನು ಯಾರೂ ಓದುವುದಿಲ್ಲವೆಂದು ಬದಿಗಿಟ್ಟ. ಬದಲಿಗೆ ಕೆರೆಯ ಕಲ್ಲಿನ ಮೇಲೆ ಹಳೆಯ ನೀರಿನ ಮಟ್ಟದ ಗೆರೆಯನ್ನು ಬಿಡಿಸಿದ. ಅದರ ಪಕ್ಕದಲ್ಲಿ ಸೆರಗಿನಲ್ಲಿ ಜೋಳ ಕಟ್ಟಿಕೊಂಡ ಹೆಂಗಸೊಬ್ಬಳನ್ನು ನಿಲ್ಲಿಸಿದ. ಮಾತನಾಡಿಸಿದರೆ ಆಕೆ ಎರಡೇ ವಾಕ್ಯ ಹೇಳುತ್ತಾಳೆ. ನನ್ನ ಇಪ್ಪತ್ತು ಪುಟ ಅದರಲ್ಲಿತ್ತು.

ನಮ್ಮ ಮಕ್ಕಳು ಇನ್ನು ಮುಂದೆ ಇಂತಹ ಲೋಕಗಳನ್ನು ಕಟ್ಟುತ್ತಲೇ ಇರುತ್ತಾರೆ. ಅದಕ್ಕೆ ಬೇಕಾದ ಸಾಮಗ್ರಿ ಜಿಲ್ಲಾ ಗ್ಯಾಸೆಟಿಯರ್‌ಗಳಲ್ಲಿ, ಊರಿನ ಶಾಸನಗಳಲ್ಲಿ, ಮನೆಯ ಹಿರಿಯರ ನೆನಪಿನಲ್ಲಿ ಇದೆ. ಅವರು ಕೇಳಲಿ ಎಂದು ಕಾಯುವ ಬದಲು ನಾವೇ ಹೇಳಬೇಕು. ತಡ ಮಾಡಿದರೆ ಗಾಳಿಯಲ್ಲಿ ತೇಲುವ ಕಥೆಗಳೇ ಆ ಜಾಗವನ್ನು ತುಂಬುತ್ತವೆ.

ರಜೆ ಮುಗಿಯುವ ಮುನ್ನ ಪಕ್ಕದ ಮನೆಯ ಹುಡುಗನನ್ನು ಕರೆದು ಆಟ ಆಡಲು ಕೊಟ್ಟೆವು. ಅವನು ಕತ್ತಿಯ ಅಂಗಡಿಯತ್ತ ತಿರುಗಿಯೂ ನೋಡದೆ ನಾಯಕನನ್ನು ನೇರವಾಗಿ ಏರಿಯ ಮೇಲೆ ನಡೆಸಿದ. ಅಲ್ಲಿ ನಿಂತು ಕೇಳಿದ: ‘ಈ ಕೆರ್‍ಯಾಗ ಈಸಾಕ ಬರೂದಿಲ್ಲೇನು?’

ಅದಕ್ಕೆ ಏರ್ಪಾಡು ಇರಲಿಲ್ಲ. ಮೊಮ್ಮಗ ಅಂದು ರಾತ್ರಿ ಅದನ್ನು ಮಾಡಲು ಕುಳಿತ.