ಸಾವಿನ ಸುದ್ದಿ ತರುವವರು ಯಾರು?

1965ರ ನವೆಂಬರ್‌. ವಿಯೆಟ್ನಾಂನ ಇಯಾ ಡ್ರಾಂಗ್ ಕಣಿವೆಯ ಯುದ್ಧದಲ್ಲಿ ಅಮೆರಿಕದ ನೂರಾರು ಸೈನಿಕರು ಸತ್ತರು. ಅವರಲ್ಲಿ ಅನೇಕರ ಹೆಂಡತಿ ಮಕ್ಕಳು ಇದ್ದದ್ದು ಜಾರ್ಜಿಯಾ ರಾಜ್ಯದ ಕೊಲಂಬಸ್ ಪಟ್ಟಣದಲ್ಲಿ. ಇಷ್ಟೊಂದು ಮನೆಗಳಿಗೆ ಸಾವಿನ ಸುದ್ದಿ ತಲುಪಿಸುವ ವ್ಯವಸ್ಥೆಯೇ ಸೇನೆಯಲ್ಲಿ ಇರಲಿಲ್ಲ. ಹಾಗಾಗಿ ಟೆಲಿಗ್ರಾಂಗಳನ್ನು ಟ್ಯಾಕ್ಸಿ ಚಾಲಕರ ಕೈಗೆ ಕೊಟ್ಟು ಕಳಿಸಲಾಯಿತು. ಬೀದಿಗೆ ಟ್ಯಾಕ್ಸಿ ಬಂದರೆ ಸಾಕು, ಹೆಂಗಸರ ಎದೆ ಧಸಕ್ಕೆನ್ನುತ್ತಿತ್ತು.

ಆ ಯುದ್ಧದಲ್ಲಿ ಒಂದು ತುಕಡಿಯನ್ನು ಮುನ್ನಡೆಸುತ್ತಿದ್ದ ಹಾಲ್ ಮೂರ್ ಅವರ ಪತ್ನಿ ಜೂಲಿಯಾ ಇದನ್ನು ನೋಡಿ ಸುಮ್ಮನಿರಲಿಲ್ಲ. ಟೆಲಿಗ್ರಾಂ ಬಂದ ಮನೆಗಳಿಗೆ ತಾವೇ ಹೋದರು, ಪಕ್ಕದಲ್ಲಿ ಕುಳಿತರು, ಅಂತ್ಯಕ್ರಿಯೆಗಳಲ್ಲಿ ಭಾಗವಹಿಸಿದರು. ಈ ಪದ್ಧತಿ ಸರಿಯಲ್ಲ ಎಂದು ಸೇನೆಗೆ ದೂರಿದರು. ಅದರ ಫಲವಾಗಿ ನಿಯಮ ಬದಲಾಯಿತು. ಈಗ ಅಲ್ಲಿ ಸಮವಸ್ತ್ರ ಧರಿಸಿದ ಅಧಿಕಾರಿಯೊಬ್ಬರು, ಸಾಧ್ಯವಾದರೆ ಧರ್ಮಗುರುವಿನೊಂದಿಗೆ, ಖುದ್ದಾಗಿ ಮನೆಗೆ ಹೋಗಿ ತಿಳಿಸುತ್ತಾರೆ. ಸಾಮಾನ್ಯವಾಗಿ ನಡುರಾತ್ರಿ ಬಾಗಿಲು ತಟ್ಟುವುದಿಲ್ಲ. ಮುಂದಿನ ಕಾಗದಪತ್ರ, ಅಂತ್ಯಕ್ರಿಯೆಗೆ ನೆರವಾಗಲು ಇನ್ನೊಬ್ಬ ಅಧಿಕಾರಿ ಇರುತ್ತಾರೆ. ಮನೆಯವರಿಗೆ ತಿಳಿಸಿ 24 ಗಂಟೆ ಕಳೆಯುವವರೆಗೆ ಸತ್ತವರ ಹೆಸರನ್ನು ಸೇನೆ ಬಹಿರಂಗಪಡಿಸುವುದಿಲ್ಲ.

ಆ 24 ಗಂಟೆಯ ಬೆಲೆ ನಮಗೂ ಗೊತ್ತಾಗಬೇಕು. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಯೋಧರು ಸಿಲುಕಿದರು. ಮರುದಿನವೇ ಎಲ್ಲರೂ ಮೃತಪಟ್ಟಿದ್ದಾರೆಂಬ ಸುದ್ದಿ ದೇಶದಾದ್ಯಂತ ಹರಡಿತು. ಅವರಲ್ಲೊಬ್ಬರು ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 8ರಂದು ಅವರು ಹಿಮದಡಿ ಜೀವಂತವಾಗಿ ಸಿಕ್ಕರು. 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಒಂದೇ ವಾರದಲ್ಲಿ ಆ ಮನೆಯವರು ಸಾವು, ಬದುಕು, ಮತ್ತೆ ಸಾವು ಎಂಬ ಮೂರು ಸುದ್ದಿ ಕೇಳಬೇಕಾಯಿತು.

ಇಂದು ಟೆಲಿಗ್ರಾಂ ಇಲ್ಲ, ಆದರೆ ನಮ್ಮೆಲ್ಲರ ಕೈಯಲ್ಲೂ ಮೊಬೈಲ್ ಇದೆ. ಗಡಿಯಲ್ಲಿ ಏನೇ ಆದರೂ ಅಧಿಕಾರಿಯ ಕರೆಗೆ ಮೊದಲೇ ಯೋಧನ ಫೋಟೊ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಓಡಾಡುತ್ತದೆ. ‘ಓಂ ಶಾಂತಿ’ ಎಂದು ಸ್ಟೇಟಸ್ ಹಾಕುವ ನಮ್ಮ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಅದನ್ನು ಮೊದಲು ನೋಡುವವರು ಆತನ ತಂಗಿಯೇ ಆಗಿದ್ದರೆ?

ಸೇನಾ ಭರ್ತಿಗಾಗಿ ಬೆಳಿಗ್ಗೆ ಐದಕ್ಕೇ ಎದ್ದು ಮೈದಾನದಲ್ಲಿ ಓಡುವ ಗೆಳೆಯರು ನಮ್ಮೆಲ್ಲರ ಕಾಲೇಜುಗಳಲ್ಲೂ ಇದ್ದಾರೆ. ನಾಳೆ ಅವರ ಮನೆಗೆ ಅಂಥ ಸುದ್ದಿ ಹೋಗುವ ದಿನ ಬಾರದಿರಲಿ. ಬಂದರೂ ಅದನ್ನು ಹೇಳಲು ಮನುಷ್ಯರೊಬ್ಬರು ಬಾಗಿಲಿಗೆ ಬರಲಿ. ಅಲ್ಲಿಯವರೆಗೆ ಫಾರ್ವರ್ಡ್ ಮಾಡದೆ ಕಾಯುವುದು ನಾವು ಸಲ್ಲಿಸಬಹುದಾದ ಮೊದಲ ಗೌರವ.