ಲೀಟರ್ ಡೀಸೆಲಿಗೆ ಎಷ್ಟು ಸರಕು?

ಹೈದರಾಬಾದಿನ ಸನತ್‌ನಗರ, ಬಾಲಾನಗರಗಳ ಕಾರ್ಖಾನೆ ಬೀದಿಗಳಲ್ಲಿ ಯಂತ್ರದ ಬಿಡಿಭಾಗಗಳನ್ನೋ ಪ್ಲಾಸ್ಟಿಕ್ ಸಾಮಾನನ್ನೋ ತುಂಬಿಕೊಂಡ ಪಿಕಪ್ ಗಾಡಿ ಕೂಕಟಪಲ್ಲಿ, ಪಟನ್‌ಚೆರು, ಸಂಗಾರೆಡ್ಡಿ ದಾಟಿ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಪಶ್ಚಿಮಕ್ಕೆ ಹೊರಟರೆ ಜಹೀರಾಬಾದ್ ಆದ ಮೇಲೆ ಸಿಗುವುದು ಕರ್ನಾಟಕ. ಬೀದರ್, ಹುಮನಾಬಾದ್, ಬಸವಕಲ್ಯಾಣಗಳ ಅಂಗಡಿ, ವರ್ಕ್‌ಶಾಪುಗಳಿಗೆ ಹೈದರಾಬಾದು ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಆ ಕಡೆಯಿಂದ ತರಕಾರಿ ತುಂಬಿದ ಗಾಡಿಗಳು ಸನತ್‌ನಗರದಿಂದ ದೂರವಿಲ್ಲದ ಬೋಯಿನ್‌ಪಲ್ಲಿ ಮಾರುಕಟ್ಟೆಗೆ ಬರುತ್ತವೆ. ಈ ದಾರಿಯಲ್ಲಿ ಗಾಡಿ ಓಡಿಸುವವರು, ಗಾಡಿ ಇಟ್ಟವರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆ ‘ಆವರೇಜ್ ಎಷ್ಟು ಕೊಡ್ತದ?’ ಎಂಬುದು. ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಈ ಪ್ರಶ್ನೆ ಕಾರಿಗೆ ಸರಿ. ದುಡಿಯುವ ಗಾಡಿಗೆ ಮಾತ್ರ ಇದೊಂದನ್ನೇ ಕೇಳಿಕೊಂಡರೆ ಲೆಕ್ಕ ದಾರಿ ತಪ್ಪುತ್ತದೆ ಎಂಬುದು ನನ್ನ ವಾದ. ಪಿಕಪ್ ಇರುವುದು ಸರಕು ಒಯ್ಯಲಿಕ್ಕೆ. ಹಾಗಾಗಿ ಒಂದು ಲೀಟರ್ ಡೀಸೆಲ್ ಎಷ್ಟು ಸರಕನ್ನು ಎಷ್ಟು ದೂರ ಮುಟ್ಟಿಸಿತು ಎಂಬುದೇ ಅದರ ನಿಜವಾದ ಮೈಲೇಜು.

ಮೈಲೇಜಿನ ಚರ್ಚೆಗೂ ಸನತ್‌ನಗರಕ್ಕೂ ಹಳೆಯ ನಂಟಿದೆ. ನಿಜಾಮರ ಕಾಲದಲ್ಲಿ, 1942ರಲ್ಲಿ, ಇಲ್ಲಿ ಶುರುವಾದ ಹೈದರಾಬಾದ್ ಆಲ್ವಿನ್ ಮೆಟಲ್ ವರ್ಕ್ಸ್ ಬಸ್ಸಿನ ಬಾಡಿಗಳನ್ನು ಕಟ್ಟಿತು, ಮುಂದೆ ಫ್ರಿಜ್ಜು, ಕೈಗಡಿಯಾರಗಳನ್ನೂ ಮಾಡಿತು. 1973 ಮತ್ತು 1979ರ ತೈಲ ಬಿಕ್ಕಟ್ಟುಗಳಿಂದ ಎಣ್ಣೆಯ ಬೆಲೆ ಏರಿ ದೇಶ ತತ್ತರಿಸಿತ್ತು. ಅದರ ಬೆನ್ನಿಗೇ, 1980ರ ದಶಕದಲ್ಲಿ, ಹಗುರ ಲಾರಿಗಳಿಗಾಗಿ ಜಪಾನಿನ ಕಂಪನಿಗಳ ಜೊತೆ ನಾಲ್ಕು ಒಪ್ಪಂದಗಳಾದವು: ಡಿಸಿಎಂ ಟೊಯೋಟ, ಐಷರ್ ಮಿತ್ಸುಬಿಶಿ, ಸ್ವರಾಜ್ ಮಾಜ್ದಾ ಮತ್ತು ಆಲ್ವಿನ್ ನಿಸ್ಸಾನ್. ಆಲ್ವಿನ್ ನಿಸ್ಸಾನ್ ಕಾರ್ಖಾನೆ ಎದ್ದದ್ದು ಬೀದರಿನ ಪಕ್ಕದ ಜಹೀರಾಬಾದಿನಲ್ಲಿ. ಟಾಟಾ ಕಂಪನಿ 1986ರಲ್ಲಿ ತನ್ನ 407 ಗಾಡಿಯನ್ನು ಇಳಿಸಿತು. ಹೊಸ ವಿನ್ಯಾಸ, ಕಡಿಮೆ ಡೀಸೆಲ್ ಎಂಬ ಹೆಸರು ಹೊತ್ತು ಬಂದ ಜಪಾನಿ ಗಾಡಿಗಳನ್ನು ಹಿಂದೆ ಹಾಕಿ 407 ಮಾರುಕಟ್ಟೆ ಹಿಡಿಯಿತು. ನಮ್ಮ ರಸ್ತೆಗೆ, ನಮ್ಮ ಭಾರಕ್ಕೆ, ನಮ್ಮ ಮೆಕ್ಯಾನಿಕ್ಕಿಗೆ ಒಗ್ಗುವ ಗಾಡಿಯನ್ನು ಜನ ಆರಿಸಿಕೊಂಡರು. ಜಹೀರಾಬಾದಿನ ಕಾರ್ಖಾನೆ ಮುಂದೆ ಮಹೀಂದ್ರದ ಕೈಸೇರಿತು. ಸಾಗಣೆಯ ಲೆಕ್ಕದಲ್ಲಿ ಲೀಟರಿಗಿಷ್ಟು ಕಿಲೋಮೀಟರ್ ಎಂಬುದು ಒಂದು ಸಾಲು ಮಾತ್ರ ಎನ್ನುವುದನ್ನು ಆ ಕಾಲದ ಖರೀದಿದಾರರು ಬಲ್ಲವರಾಗಿದ್ದರು ಎಂದೇ ನಾನು ಇದನ್ನು ಓದುತ್ತೇನೆ.

ಈಗ ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ನಿಮ್ಮ ಗಾಡಿಯ ಅಂಕಿಗಳನ್ನು ಅದೇ ಜಾಗದಲ್ಲಿ ಕೂರಿಸಿಕೊಳ್ಳಬಹುದು. ಸನತ್‌ನಗರದಿಂದ ಬೀದರಿಗೆ 140 ಕಿ.ಮೀ. ಎನ್ನೋಣ. ಗಾಡಿ 1.2 ಟನ್ ಸರಕು ಹೊತ್ತು ಹೋಗುವಾಗ ಲೀಟರಿಗೆ 12 ಕಿ.ಮೀ., ಖಾಲಿ ಬರುವಾಗ 15 ಕಿ.ಮೀ. ಕೊಡುತ್ತದೆ. ಹೋಗಿಬರಲು 21 ಲೀಟರ್ ಬೇಕು, ಸರಾಸರಿ ಮೈಲೇಜು 13.3. ಒಂದು ಟನ್ ಸರಕು ಒಂದು ಕಿಲೋಮೀಟರ್ ಸಾಗಿದರೆ ಅದು ಒಂದು ಟನ್-ಕಿಲೋಮೀಟರ್. ಈ ಲೆಕ್ಕದಲ್ಲಿ ನಮ್ಮ ಗಾಡಿ ಮಾಡಿದ್ದು 168 ಟನ್-ಕಿ.ಮೀ. ಕೆಲಸ, ಅಂದರೆ ಲೀಟರಿಗೆ 8. ಚಾಲಕ ಬಹಳ ನಾಜೂಕಿನಿಂದ ಓಡಿಸಿ ಡೀಸೆಲಿನಲ್ಲಿ ಶೇ. 10ರಷ್ಟು ಉಳಿಸಿದ ಎನ್ನಿ; ಅಂಕಿ 8.9ಕ್ಕೆ ಏರುತ್ತದೆ. ಅದರ ಬದಲು ಓಡಿಸುವ ರೀತಿ ಬದಲಾಗದೆ, ಬರುವಾಗ ಅರ್ಧ ಲೋಡ್, 600 ಕೆ.ಜಿ. ಸಿಕ್ಕಿತು ಎನ್ನಿ. ಬರುವ ದಾರಿಯ ಮೈಲೇಜು 13.3ಕ್ಕೆ ಇಳಿದು ಒಟ್ಟು ಡೀಸೆಲ್ 22 ಲೀಟರಿಗೆ ತುಸು ಹೆಚ್ಚಾಗುತ್ತದೆ. ಆವರೇಜ್ 12.6ಕ್ಕೆ ಬಿತ್ತು, ಮಾಲೀಕನ ಹುಬ್ಬು ಗಂಟಿಕ್ಕಿತು. ಆದರೆ ಗಾಡಿ ಮಾಡಿದ ಕೆಲಸ 252 ಟನ್-ಕಿ.ಮೀ., ಲೀಟರಿಗೆ 11ಕ್ಕೂ ಹೆಚ್ಚು. ಮೈಲೇಜು ಕುಸಿದ ಅದೇ ಟ್ರಿಪ್ಪಿನಲ್ಲಿ ಇಂಧನದ ಫಲ ಶೇ. 40ರಷ್ಟು ಏರಿದೆ. ಇಷ್ಟು ದೊಡ್ಡ ಲಾಭವನ್ನು ಗಾಡಿಗೆ ಹಚ್ಚುವ ಯಾವ ಉಪಕರಣವೂ ಕೊಡಲಾರದು.

ಇಲ್ಲಿಗೆ ಒಂದು ಗಟ್ಟಿ ಆಕ್ಷೇಪ ಬರುತ್ತದೆ. ಸರಕಿನ ಲೆಕ್ಕವೇ ಸರಿ ಎಂದಾದರೆ ಓವರ್‌ಲೋಡ್ ಮಾಡುವುದೇ ಜಾಣತನವಲ್ಲವೇ? ಒಂದೂಕಾಲು ಟನ್ನಿನ ಗಾಡಿಗೆ ಎರಡು ಟನ್ ಹೇರಿದರೆ ಕೆ.ಜಿ.ಗೆ ತಗಲುವ ಡೀಸೆಲ್ ಕಡಿಮೆಯಾಗುವುದು ನಿಜ. ಇದನ್ನು ನಿರಾಕರಿಸಿ ವಾದ ಗೆಲ್ಲಬೇಕಿಲ್ಲ. ಡೀಸೆಲಿನಲ್ಲಿ ಉಳಿದದ್ದು ಟೈರು, ಕ್ಲಚ್ಚು, ಕಮಾನುಪಟ್ಟಿ, ಬ್ರೇಕುಗಳಲ್ಲಿ ಹೊರಟುಹೋಗುತ್ತದೆ ಎಂಬುದು ಉತ್ತರದ ಅರ್ಧ. ಉಳಿದರ್ಧ ರಸ್ತೆಯ ಮೇಲಿರುವ ಉಳಿದವರದ್ದು. ಭಾರ ಹೆಚ್ಚಿದಷ್ಟೂ ಗಾಡಿ ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುತ್ತದೆ, ಅದು ಕಾದು ಹಿಡಿತ ಕಳೆದುಕೊಳ್ಳುವ ಅಪಾಯವೂ ಹೆಚ್ಚುತ್ತದೆ. ಅಮೆರಿಕದ ಇಲಿನಾಯ್‌ನಲ್ಲಿ 1950ರ ದಶಕದ ಕೊನೆಯಲ್ಲಿ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಎಂಜಿನಿಯರುಗಳು ಕಲಿತ ಪಾಠವೊಂದಿದೆ: ಆಕ್ಸಲಿನ ಭಾರ ಇಮ್ಮಡಿಯಾದರೆ ರಸ್ತೆಯ ಸವೆತ ಸುಮಾರು 16 ಪಟ್ಟಾಗುತ್ತದೆ. ಪಿಕಪ್ ಮಾಡುವ ಹಾನಿ ದೊಡ್ಡ ಲಾರಿಯದಕ್ಕೆ ಸಾಟಿಯಲ್ಲ ನಿಜ, ಆದರೆ ಪಿಕಪ್ ನುಗ್ಗುವುದು ಲಾರಿ ಹೋಗದ ತೆಳುವಾದ ಹಳ್ಳಿ ರಸ್ತೆಗಳಿಗೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಓವರ್‌ಲೋಡಿಗೆ 20,000 ರೂಪಾಯಿ, ಅದರ ಮೇಲೆ ಹೆಚ್ಚುವರಿ ಟನ್ನಿಗೆ 2,000 ರೂಪಾಯಿ ದಂಡ ಇಟ್ಟಿದೆ. ಮುಖ್ಯ ಮಾತೆಂದರೆ, ಹೋಗುವಾಗ ಎರಡು ಟನ್ ಹೊತ್ತು ಬರುವಾಗ ಖಾಲಿ ಬರುವ ಗಾಡಿಗಿಂತ ಎರಡೂ ಕಡೆ ಒಂದೊಂದು ಟನ್ ಹೊರುವ ಗಾಡಿ ಅಷ್ಟೇ ಕೆಲಸವನ್ನು ನಿಯಮದೊಳಗೆ ಇದ್ದುಕೊಂಡೇ ಮಾಡುತ್ತದೆ.

ಇನ್ನು ಓಡಿಸುವ ರೀತಿಗೆ ಬರೋಣ. ಅದು ಎರಡನೆಯದಾದರೂ ಸಣ್ಣದಲ್ಲ, ಮತ್ತು ಪೂರ್ತಿ ಚಾಲಕನ ಕೈಯಲ್ಲೇ ಇದೆ. ಊರೊಳಗೂ ಹೆದ್ದಾರಿಯಲ್ಲೂ ಡೀಸೆಲ್ ಹೋಗುವ ದಾರಿ ಬೇರೆ ಬೇರೆ ಎಂಬುದನ್ನು ತಿಳಿದರೆ ಉಳಿದದ್ದು ಸುಲಭ. ಮೂಸಾಪೇಟೆಯಿಂದ ಪಟನ್‌ಚೆರುವರೆಗೆ ಸಿಗ್ನಲ್ಲು, ಆಟೋ, ಬಸ್ಸುಗಳ ನಡುವೆ ಗಾಡಿ ವೇಗ ಹಿಡಿದು ಮತ್ತೆ ನಿಲ್ಲುತ್ತಲೇ ಇರುತ್ತದೆ. ಲೋಡಾದ ಗಾಡಿಗೆ ವೇಗ ತುಂಬಲು ಸುಟ್ಟ ಡೀಸೆಲೆಲ್ಲ ಪ್ರತಿ ಬ್ರೇಕಿನಲ್ಲೂ ಬಿಸಿಯಾಗಿ ಹಾರಿಹೋಗುತ್ತದೆ. ದೂರದಲ್ಲಿ ಕೆಂಪು ದೀಪ ಕಂಡ ಕೂಡಲೇ ಆಕ್ಸಿಲರೇಟರಿನಿಂದ ಕಾಲು ತೆಗೆಯುವುದು ಇಲ್ಲಿ ದೊಡ್ಡ ಉಳಿತಾಯ. ಸಂಗಾರೆಡ್ಡಿ ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ. ಅಲ್ಲಿ ವೈರಿ ಗಾಳಿ. ಗಾಳಿಯ ತಡೆ ವೇಗದ ವರ್ಗದಷ್ಟು ಬೆಳೆಯುತ್ತದೆ. 60ರಿಂದ 80ಕ್ಕೆ ಹೋದರೆ ವೇಗ ಮೂರನೇ ಒಂದು ಪಾಲು ಹೆಚ್ಚಿತು, ಗಾಳಿಯ ತಡೆ ಮಾತ್ರ ಸುಮಾರು ಶೇ. 78 ಹೆಚ್ಚಿತು. ಕ್ಯಾಬಿನ್ನಿಗಿಂತ ಎತ್ತರಕ್ಕೆ ಪೇರಿಸಿದ ಕ್ರೇಟುಗಳು, ಪಟಪಟ ಬಡಿದುಕೊಳ್ಳುವ ಸಡಿಲ ತಾಡಪಾಲು ಇದ್ದರೆ ತಡೆ ಇನ್ನೂ ಜೋರು. ದೇಶದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಗಂಟೆಗೆ 45ರಿಂದ 55 ಕಿ.ಮೀ. ವೇಗವೇ ಮಿತವ್ಯಯದ್ದು ಎಂದು ಬಹುಕಾಲದಿಂದ ಹೇಳುತ್ತ ಬಂದಿದೆ. 80ಕ್ಕೆ ಹೋಲಿಸಿದರೆ ಈ ವೇಗದಲ್ಲಿ ಕಾರುಗಳು ಶೇ. 40ರವರೆಗೆ ಹೆಚ್ಚು ದೂರ ಹೋಗುತ್ತವೆ ಎಂಬುದು ಅದರ ಮಾತು. ಹಿಂದಿನ ಡೋರು ಇಳಿಸಿ ಓಡಿಸಿದರೆ ಗಾಳಿ ಸಲೀಸಾಗಿ ಹೋಗುತ್ತದೆಂದು ನಂಬುವವರಿದ್ದಾರೆ. ಗಾಳಿಸುರಂಗದ ಪರೀಕ್ಷೆಗಳು ಇದಕ್ಕೆ ವಿರುದ್ಧವಾದದ್ದನ್ನು ತೋರಿಸಿವೆ: ಡೋರು ಮುಚ್ಚಿದ್ದಾಗ ತೊಟ್ಟಿಯೊಳಗೆ ಒಂದು ಸುಳಿ ನಿಂತು, ಮೇಲಿನ ಗಾಳಿ ಅದರ ಮೇಲೆ ಜಾರಿಹೋಗುತ್ತದೆ.

ನಿಧಾನವಾಗಿ ಹೋದರೆ ಬಾಡಿಗೆ ತಪ್ಪುತ್ತದೆ, ಸಮಯವೂ ದುಡ್ಡೇ ಅಲ್ಲವೇ ಎನ್ನುವುದು ಚಾಲಕರ ನ್ಯಾಯವಾದ ಮಾತು. ತೆರೆದ ರಸ್ತೆ 100 ಕಿ.ಮೀ. ಇದೆ ಎನ್ನಿ. 80ರಲ್ಲಿ ಅದಕ್ಕೆ 75 ನಿಮಿಷ, 60ರಲ್ಲಿ 100 ನಿಮಿಷ. ವ್ಯತ್ಯಾಸ 25 ನಿಮಿಷ. ಇಷ್ಟು ಹೊತ್ತು ಲೋಡಿಂಗ್ ಪಾಯಿಂಟಿನಲ್ಲಿ ಹಮಾಲರಿಗಾಗಿ, ಬಿಲ್ಲಿಗಾಗಿ, ಗೇಟ್ ಪಾಸಿಗಾಗಿ ಕಾಯುವುದರಲ್ಲೇ ಹೋಗುತ್ತದೆ. ಆ ಕಾಯುವ ಹೊತ್ತನ್ನು ಕಡಿಮೆ ಮಾಡುವುದು ಸರಕಿನ ಒಡೆಯನ ಹೊಣೆ. ಅವನ ತಡವನ್ನು ಚಾಲಕ ಡೀಸೆಲ್ ಸುಟ್ಟು ತುಂಬಿಕೊಡಬೇಕೆಂದು ನಿರೀಕ್ಷಿಸುವುದು ಸರಿಯಲ್ಲ. ಕಾಯುವಾಗ ಎಂಜಿನ್ ಚಾಲೂ ಇಟ್ಟರೆ ಗಂಟೆಗೆ ಅರ್ಧ ಲೀಟರಿನಿಂದ ಮುಕ್ಕಾಲು ಲೀಟರ್ ಹೋಗುತ್ತದೆ. 2020ರ ಏಪ್ರಿಲಿನಿಂದ ಬಂದ ಬಿಎಸ್-6 ನಿಯಮದ ಡೀಸೆಲ್ ಗಾಡಿಗಳಲ್ಲಿ ನಷ್ಟ ಇನ್ನೂ ಒಂದಿದೆ. ಹೊಗೆಯ ಮಸಿ ಹಿಡಿಯುವ ಫಿಲ್ಟರು ಇರುವ ಗಾಡಿ ಸದಾ ನಿಂತಲ್ಲೇ ಉರಿಯುತ್ತಿದ್ದರೆ ಆ ಫಿಲ್ಟರು ಬೇಗ ಕಟ್ಟಿಕೊಳ್ಳುತ್ತದೆ, ಮಸಿ ಸುಟ್ಟು ಶುಚಿಯಾಗಲು ಅದು ಮತ್ತಷ್ಟು ಡೀಸೆಲ್ ಕೇಳುತ್ತದೆ.

ಇಳಿಜಾರಿನಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕುವ ಅಭ್ಯಾಸವನ್ನು ಮಾತ್ರ ಯಾವ ರಿಯಾಯಿತಿಯೂ ಇಲ್ಲದೆ ಬಿಡಬೇಕು. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಈಗಿನ ಎಂಜಿನ್‌ಗಳು ಡೀಸೆಲನ್ನು ಪೂರ್ತಿ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಬದುಕಿರಲು ಡೀಸೆಲ್ ಬೇಕೇ ಬೇಕು. ಅಂದರೆ ಉಳಿಯುತ್ತದೆ ಎಂದುಕೊಂಡ ಕಡೆಯೇ ಖರ್ಚಾಗುತ್ತಿರುತ್ತದೆ, ಭಾರ ಹೊತ್ತ ಗಾಡಿಗೆ ಎಂಜಿನ್ ಬ್ರೇಕಿನ ಆಸರೆಯೂ ತಪ್ಪುತ್ತದೆ. ಟೈರಿನ ಗಾಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ. ಅಮೆರಿಕದ ಇಂಧನ ಇಲಾಖೆಯ ಲೆಕ್ಕದಲ್ಲಿ ಒತ್ತಡ ಒಂದು ಪಿಎಸ್‌ಐ ಇಳಿದರೆ ಮೈಲೇಜು ಸುಮಾರು ಶೇ. 0.2 ಇಳಿಯುತ್ತದೆ. ಹತ್ತು ಪಿಎಸ್‌ಐ ಕಡಿಮೆಯಿದ್ದರೂ ಶೇ. 2. ಮೈಲೇಜಿಗಿಂತ ಟೈರಿನ ಆಯುಸ್ಸಿಗೆ, ಬಿಸಿಲಲ್ಲಿ ಸಿಡಿಯದಿರಲಿಕ್ಕೆ ಅದು ಹೆಚ್ಚು ಮುಖ್ಯ. ಬೆಳಿಗ್ಗೆ ಟೈರು ತಣ್ಣಗಿದ್ದಾಗ, ಹೊರುವ ಭಾರಕ್ಕೆ ಕಂಪನಿ ಹೇಳಿದಷ್ಟು ತುಂಬಿಸಬೇಕು. ಪೈಪಿಗೆ ಕಟ್ಟುವ ಅಯಸ್ಕಾಂತ, ಟ್ಯಾಂಕಿಗೆ ಹಾಕುವ ಗುಳಿಗೆಗಳಿಗೆ ಹಣ ಹಾಕಬೇಡಿ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೂರಕ್ಕೂ ಹೆಚ್ಚು ಉಪಕರಣಗಳನ್ನು ಪರಿಶೀಲಿಸಿ, ಬಹುಪಾಲು ಯಾವ ಪ್ರಯೋಜನಕ್ಕೂ ಬಾರವೆಂದು ಕಂಡುಕೊಂಡಿದೆ.

ಮತ್ತೆ ಖಾಲಿ ವಾಪಸಾತಿಗೆ ಬರುತ್ತೇನೆ, ಏಕೆಂದರೆ ಅತಿ ಗಟ್ಟಿಯಾದ ಆಕ್ಷೇಪ ಇರುವುದು ಅಲ್ಲೇ. ರಿಟರ್ನ್ ಲೋಡ್ ಬೇಡವೆನ್ನುವ ಚಾಲಕನಿಲ್ಲ, ಸಿಗುವುದಿಲ್ಲ ಎಂಬುದೇ ಕಷ್ಟ. ತರಕಾರಿ ತಂದ ಗಾಡಿ ಬೋಯಿನ್‌ಪಲ್ಲಿಯಲ್ಲಿ ಇಳಿಸುವುದು ನಸುಕಿನಲ್ಲಿ, ಕಾರ್ಖಾನೆಗಳ ಬಾಗಿಲು ತೆರೆಯುವುದು ಆಮೇಲೆ. ಮಣ್ಣು ಮೆತ್ತಿದ ತೊಟ್ಟಿಯಲ್ಲಿ ಔಷಧದ ಪೆಟ್ಟಿಗೆ ಇಡಲು ಯಾರೂ ಒಪ್ಪುವುದಿಲ್ಲ. ಬ್ರೋಕರ್ ಕಮಿಷನ್ ಕೊಟ್ಟ ಮೇಲೆ ಉಳಿಯುವುದು ಅಲ್ಪ. ಇವೆಲ್ಲ ನಿಜವಾದರೂ ಹಿಂದಿದ್ದ ಅಡ್ಡಿಗಳಲ್ಲಿ ಕೆಲವು ಈಗ ಸಡಿಲಾಗಿವೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಗಡಿಯಲ್ಲಿ ಮಾರಾಟ ತೆರಿಗೆಗಾಗಿ ಸಾಲುಗಟ್ಟಿ ನಿಲ್ಲುವುದು ತಪ್ಪಿತು. 2018ರ ಏಪ್ರಿಲಿನಿಂದ ಅಂತರರಾಜ್ಯ ಸರಕಿಗೆ ಇ-ವೇ ಬಿಲ್ ಸಾಕು. ಒಟ್ಟು ತೂಕ 3,000 ಕೆ.ಜಿ. ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಸೆಕ್ಷನ್ ಪರ್ಮಿಟ್ಟಿನಿಂದಲೇ ವಿನಾಯಿತಿ ಕೊಟ್ಟಿದೆ. ಗಾಡಿ ಕೊಳ್ಳುವಾಗ ಇದನ್ನು ನೋಡಿಕೊಳ್ಳುವುದು ಒಳ್ಳೆಯದು. ಉಳಿದದ್ದು ಹೊತ್ತು ಹೊಂದಿಸುವ ಕೆಲಸ. ತರಕಾರಿಯ ಕ್ರೇಟುಗಳ ಅಡಿಗೆ ಹಾಸಲು ಒಂದು ಶೀಟು, ತೊಟ್ಟಿ ತೊಳೆಯಲು ಮಾರುಕಟ್ಟೆಯಲ್ಲೇ ಒಂದು ನಲ್ಲಿ, ಬೀದರ್ ಕಡೆಯ ಪಾರ್ಸೆಲ್ಲುಗಳನ್ನು ಹಿಂದಿನ ಸಂಜೆಯೇ ಕಟ್ಟಿಡುವ ಕಾರ್ಖಾನೆ: ಇಷ್ಟರಿಂದ ಶುರು ಮಾಡಬಹುದು. ಎಲ್ಲ ಟ್ರಿಪ್ಪಿಗೂ ಸಿಗಬೇಕೆಂದಿಲ್ಲ. ಮೂರರಲ್ಲಿ ಒಂದು ವಾಪಸಾತಿ ತುಂಬಿದರೂ ವರ್ಷದ ಲೆಕ್ಕ ಬದಲಾಗುತ್ತದೆ. ಕರೆಂಟಿನ ಗಾಡಿ ಬಂದರೆ ಈ ಚರ್ಚೆಯೇ ಬೇಡ ಎನ್ನುವವರೂ ಇದ್ದಾರೆ. ಆ ಗಾಡಿಯೂ ಖಾಲಿ ಓಡಿದರೆ ಬ್ಯಾಟರಿಯನ್ನು ಖಾಲಿ ಮಾಡಿಯೇ ಓಡುತ್ತದೆ, ಗಾಳಿಯ ತಡೆಯೂ ಅದಕ್ಕೆ ಕಡಿಮೆಯಾಗುವುದಿಲ್ಲ.

ಇದೆಲ್ಲ ಜಾರಿಗೆ ಬರಬೇಕಾದರೆ ಚಾಲಕನಿಗೆ ಅದರಲ್ಲಿ ಪಾಲಿರಬೇಕು, ಇದನ್ನು ನಾನು ಒತ್ತಿ ಹೇಳುತ್ತೇನೆ. ತಿಂಗಳ ಸಂಬಳ, ಟ್ರಿಪ್ಪಿನ ಭತ್ಯೆ ಪಡೆಯುವವನಿಗೆ ಉಳಿದ ಡೀಸೆಲಿನಿಂದ ಏನೂ ಬರುವುದಿಲ್ಲ. ಬೇಗ ಮುಟ್ಟಿದರೆ ಮಾತ್ರ ಮನೆಯಲ್ಲಿ ಒಂದಿಷ್ಟು ನಿದ್ದೆ ಸಿಗುತ್ತದೆ. ಅಂಥವನಿಗೆ 55ರಲ್ಲಿ ಹೋಗು ಎಂದು ಉಪದೇಶ ಮಾಡುವ ಹಕ್ಕು ಮಾಲೀಕನಿಗಿಲ್ಲ. ಪ್ರತಿ ಸಲ ಫುಲ್ ಟ್ಯಾಂಕ್ ಮಾಡಿಸಿ ಮೀಟರಿನ ಅಂಕಿ, ಹಾಕಿಸಿದ ಲೀಟರು, ಎರಡೂ ಕಡೆ ಹೊತ್ತ ತೂಕ ಈ ಮೂರನ್ನು ಒಂದು ನೋಟ್‌ಬುಕ್ಕಿನಲ್ಲಿ ಇಬ್ಬರೂ ನೋಡುವಂತೆ ಬರೆದಿಡಬೇಕು. ಎರಡು ತಿಂಗಳ ಸರಾಸರಿಯನ್ನು ಆಧಾರವಾಗಿಟ್ಟುಕೊಂಡು, ಅದಕ್ಕಿಂತ ಉಳಿದ ಡೀಸೆಲಿನ ಬೆಲೆಯಲ್ಲಿ ಅರ್ಧ, ರಿಟರ್ನ್ ಲೋಡಿನ ಬಾಡಿಗೆಯಲ್ಲಿ ಒಂದು ಪಾಲು ಚಾಲಕನಿಗೆ ಎಂದು ಮೊದಲೇ ಮಾತಾಡಿಕೊಳ್ಳಬೇಕು. ಮೇಲಿನ ಲೆಕ್ಕದ ಬೀದರ್ ಟ್ರಿಪ್ಪಿನಲ್ಲಿ ಶೇ. 10 ಉಳಿದರೆ ಅದು ಎರಡು ಲೀಟರಿಗೂ ಮಿಗಿಲು, ಚಾಲಕನ ಕೈಗೆ ಪ್ರತಿ ಟ್ರಿಪ್ಪಿಗೂ ಒಂದು ಲೀಟರಿನ ಬೆಲೆ.